ಭಾಷಾಯಂತ್ರಗಳ ಒಂದು ನಿಯಮ

“ಮಳೆ ಬರುವ ಹಾಗಿದೆ; ಹೊರಗೆ ಹೋಗುವಾಗ” ಎಂದು ಯಾರಾದರೂ ನುಡಿದು ನಿಲ್ಲಿಸಿದರೆ, ಮುಂದಿನ ಪದ “ಕೊಡೆ” ಎಂದು ನಾವು ಸುಲಭವಾಗಿ ಊಹಿಸುತ್ತೇವೆ. ಇಂದು ಪ್ರಶ್ನೆಗಳಿಗೆ ಉತ್ತರವನ್ನೂ ಪತ್ರಗಳ ಕರಡನ್ನೂ ಬರೆದುಕೊಡುತ್ತಿರುವ ಬೃಹತ್ ಭಾಷಾಮಾದರಿಗಳು ಮೊದಲು ಕಲಿಯುವುದು ಇಂಥ ಊಹೆಯನ್ನೇ. ಅಪಾರವಾದ ಬರಹವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು, ಮುಂದಿನ ತುಣುಕು ಯಾವುದೆಂದು ಯಂತ್ರದಿಂದ ಊಹೆ ಮಾಡಿಸುತ್ತಾರೆ. ಊಹೆ ತಪ್ಪಿದಂತೆಲ್ಲ ಅದರೊಳಗಿನ ಸಂಖ್ಯೆಗಳನ್ನು ಕೊಂಚ ಕೊಂಚವಾಗಿ ತಿದ್ದಲಾಗುತ್ತದೆ. ಈ ಸಂಖ್ಯೆಗಳಿಗೆ ನಿಯತಾಂಕಗಳೆಂದು ಹೆಸರು.

ಊಹೆಯ ಕಷ್ಟವನ್ನು ಅಳೆಯುವ ಮಾರ್ಗವನ್ನು ತೋರಿಸಿದವನು ಅಮೆರಿಕದ ಕ್ಲಾಡ್ ಶಾನನ್. ಹೌದು ಅಥವಾ ಅಲ್ಲ ಎಂಬ ಒಂದೇ ಉತ್ತರದಿಂದ ನೀಗುವ ಸಮಾನ ಸಂದೇಹಕ್ಕೆ ಒಂದು ಬಿಟ್ ಎಂದು ಹೆಸರು. ಇಂಗ್ಲಿಷಿನ ೨೬ ಅಕ್ಷರಗಳೂ ಪದಗಳ ನಡುವಣ ತೆರಪೂ ಸಮವಾಗಿ ಬರುವುದಾಗಿದ್ದರೆ, ಪ್ರತಿ ಅಕ್ಷರದ ಅನಿಶ್ಚಿತತೆ ಸುಮಾರು ೪.೭೫ ಬಿಟ್. ಆದರೆ ಹಿಂದಿನ ನೂರು ಅಕ್ಷರಗಳನ್ನು ಬಲ್ಲ ಓದುಗನಿಗೆ ಅದು ೦.೬ರಿಂದ ೧.೩ ಬಿಟ್‌ಗಳ ನಡುವೆ ಇರುವುದೆಂದು ಶಾನನ್ ೧೯೫೧ರಲ್ಲಿ ಅಂದಾಜು ಮಾಡಿದನು. ಬರೆಯುವವನಿಗೆ ಆಯ್ಕೆಯ ಸ್ವಾತಂತ್ರ್ಯ ಇರುವವರೆಗೆ ಇದು ಸೊನ್ನೆಗೆ ಇಳಿಯದು.

೨೦೨೦ರಲ್ಲಿ ಭೌತವಿಜ್ಞಾನಿ ಜೇರೆಡ್ ಕ್ಯಾಪ್ಲನ್ ಮತ್ತು ಓಪನ್‌ಎಐ ಸಂಸ್ಥೆಯ ಸಂಗಡಿಗರು ಇಂಥದೇ ಅಳತೆಯಿಂದ ನಾನಾ ಗಾತ್ರದ ಯಂತ್ರಗಳನ್ನು ಪರೀಕ್ಷಿಸಿದರು. ಫಲಿತಾಂಶವನ್ನು ಲಾಗರಿತಮ್ ಮಾನದಲ್ಲಿ ಗುರುತಿಸಿದಾಗ ಬಿಂದುಗಳು ಹೆಚ್ಚುಕಡಿಮೆ ಒಂದೇ ಸರಳರೇಖೆಯ ಮೇಲೆ ಕುಳಿತವು. ಬರಹಕ್ಕೂ ಗಣನೆಗೂ ಕೊರತೆಯಿಲ್ಲದಿದ್ದರೆ, ನಿಯತಾಂಕಗಳನ್ನು ಹತ್ತರಷ್ಟು ಮಾಡಿದಾಗ ದೋಷ ಶೇಕಡ ೧೬ರಷ್ಟು ಇಳಿಯುತ್ತದೆ. ಅದನ್ನು ಅರ್ಧಕ್ಕೆ ಇಳಿಸಬೇಕಾದರೆ ಯಂತ್ರವು ಸುಮಾರು ೯,೦೦೦ದಷ್ಟು ದೊಡ್ಡದಾಗಬೇಕಾದೀತು! ನಿಯಮವು ಖಚಿತ, ಆದರೆ ಬಹಳ ದುಬಾರಿ.

ಗಾತ್ರವೊಂದೇ ಸಾಲದು. ೨೦೨೨ರಲ್ಲಿ ಡೀಪ್‌ಮೈಂಡ್ ಸಂಸ್ಥೆಯವರು ೨೮,೦೦೦ ಕೋಟಿ ನಿಯತಾಂಕಗಳ ‘ಗೋಫರ್’ ಯಂತ್ರಕ್ಕೆ ಹೆಚ್ಚುಕಡಿಮೆ ಸಮನಾದ ಗಣನೆಯಿಂದಲೇ ೭,೦೦೦ ಕೋಟಿ ನಿಯತಾಂಕಗಳ ‘ಚಿಂಚಿಲ’ ಎಂಬುದನ್ನು ಸಿದ್ಧಪಡಿಸಿದರು. ಮೊದಲನೆಯದು ಓದಿದ್ದು ೩೦,೦೦೦ ಕೋಟಿ ಟೋಕನ್. ಎರಡನೆಯದು ೧,೪೦,೦೦೦ ಕೋಟಿ. ಪರೀಕ್ಷೆಗಳಲ್ಲಿ ಚಿಕ್ಕದೇ ಮೇಲಾಯಿತು. ಗಣಕಕ್ಕೆ ದೊರೆಯುವ ಬರಹವು ಇಂಗ್ಲಿಷಿಗಿಂತ ಬಹಳ ಕಡಿಮೆಯಿರುವ ಕನ್ನಡದಂಥ ಭಾಷೆಗಳಿಗೆ ಇದರ ಅರ್ಥ ಸ್ಪಷ್ಟ: ಯಂತ್ರವನ್ನು ಹಿಗ್ಗಿಸಿದ ಮಾತ್ರಕ್ಕೆ ಬರಹದ ಬಡತನ ನೀಗದು.

ಇನ್ನು, ಈ ಸರಳರೇಖೆಗೆ ಕಾರಣವೇನು? ಕ್ಯಾಪ್ಲನ್ ಮತ್ತು ಉತ್ಕರ್ಷ್ ಶರ್ಮ ಸೂಚಿಸಿದ ವಿವರಣೆಯನ್ನು ಹೀಗೆ ಗ್ರಹಿಸಬಹುದು. ಬೀದಿಯ ದೀಪಗಳ ನಡುವಣ ಅಂತರವನ್ನು ಅರ್ಧ ಮಾಡಲು ಎರಡರಷ್ಟು ದೀಪಗಳು ಬೇಕು, ಮೈದಾನದಲ್ಲಾದರೆ ನಾಲ್ಕರಷ್ಟು, ಎತ್ತರವೂ ಸೇರಿದರೆ ಎಂಟರಷ್ಟು. ಬರಹದ ವೈವಿಧ್ಯವು ಮೂರಲ್ಲ, ಹತ್ತಾರು ಆಯಾಮಗಳಲ್ಲಿ ಹರಡಿದೆಯೆಂದು ಭಾವಿಸಿದರೆ, ಅಲ್ಲೆಲ್ಲ ಬೆಳಕು ಚೆಲ್ಲಲು ಎಷ್ಟು ನಿಯತಾಂಕಗಳೆಂಬ ದೀಪಗಳು ಬೇಕಾದಾವೆಂದು ವಾಚಕರೇ ಊಹಿಸಿಕೊಳ್ಳಬಹುದು. ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೨೩ರಲ್ಲಿ ಬೇರೊಂದು ವಿವರಣೆಯನ್ನು ಮುಂದಿಟ್ಟರು. ಭಾಷೆಯ ತಿಳಿವಳಿಕೆ ಅಸಂಖ್ಯ ಸಣ್ಣ ಕೌಶಲಗಳ ಮೊತ್ತ. ಯಂತ್ರವು ಪದೇ ಪದೇ ಬೇಕಾಗುವುದನ್ನು ಮೊದಲು, ಅಪರೂಪದ್ದನ್ನು ಅನಂತರ ಕಲಿಯುತ್ತದೆ. ಆದ್ದರಿಂದ ಪ್ರತಿ ಹೊಸ ಕೌಶಲದ ಲಾಭ ಹಿಂದಿನದಕ್ಕಿಂತ ಕಡಿಮೆ. ಎರಡೂ ಸರಳರೇಖೆಯನ್ನು ಕೊಡುತ್ತವೆ. ಯಾವುದು ನಿಜವೆಂದು ಇನ್ನೂ ತೀರ್ಮಾನವಾಗಿಲ್ಲ.

ಭೌತಶಾಸ್ತ್ರಕ್ಕೆ ಇಂಥ ಸ್ಥಿತಿ ಹೊಸದಲ್ಲ. ಬಾಸೆಲ್ ನಗರದ ಉಪಾಧ್ಯಾಯ ಬಾಲ್ಮರನು ಜಲಜನಕದ ರೋಹಿತದ ರೇಖೆಗಳಿಗೆ ಸೂತ್ರವನ್ನು ಕಂಡುಕೊಂಡದ್ದು ೧೮೮೫ರಲ್ಲಿ. ಅದರ ಕಾರಣವನ್ನು ಬೋರ್ ಪರಮಾಣುವಿನ ಒಳಗೆ ತೋರಿಸಿಕೊಟ್ಟದ್ದು ೧೯೧೩ರಲ್ಲಿ. ಭಾಷಾಯಂತ್ರಗಳ ವಿಷಯದಲ್ಲಿ ನಾವು ಈ ಎರಡು ವರ್ಷಗಳ ನಡುವೆ ಎಲ್ಲೋ ಇದ್ದೇವೆ.

ಮತ್ತೊಂದು ಎಚ್ಚರವೂ ಅವಶ್ಯಕ. ನಿಯಮವು ಹೇಳುವುದು ಸರಾಸರಿ ದೋಷವನ್ನು. ಯಂತ್ರವು ಒಂದು ಲೆಕ್ಕವನ್ನು ಸರಿಯಾಗಿ ಮಾಡೀತೆ, ಒಂದು ಸಂಗತಿಯನ್ನು ನಿಜವಾಗಿ ಹೇಳೀತೆ ಎಂಬುದನ್ನಲ್ಲ. ಕೆಲವು ಸಾಮರ್ಥ್ಯಗಳು ದೊಡ್ಡ ಯಂತ್ರಗಳಲ್ಲಿ ಥಟ್ಟನೆ ಮೂಡುತ್ತವೆಂದು ೨೦೨೨ರಲ್ಲಿ ವರದಿಯಾಯಿತು. ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು, ಇವುಗಳಲ್ಲಿ ಅನೇಕ ಜಿಗಿತಗಳು ಅಂಕ ಕೊಡುವ ಕ್ರಮದಿಂದ ತೋರುವಂಥವೆಂದು ವಾದಿಸಿದರು. ಕೂಡುವ ಲೆಕ್ಕದ ಉತ್ತರ ಪೂರ್ತಿ ಸರಿಯಾದರೆ ಮಾತ್ರ ಅಂಕ ಎಂದರೆ ಜಿಗಿತ ಕಾಣುತ್ತದೆ; ಒಂದೊಂದು ಅಂಕಿಯ ಹತ್ತಿರವನ್ನೂ ಎಣಿಸಿದರೆ ನಿಧಾನವಾದ ಏರಿಕೆ ಕಾಣುತ್ತದೆ.

ತೂಕ ಹೆಚ್ಚಿದಂತೆ ಸುರುಳಿಕಂಬಿ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ; ಸ್ಥಿತಿಸ್ಥಾಪಕತೆಯ ಮಿತಿ ದಾಟಿದರೆ ಆ ನಿಯಮ ನಡೆಯದು. ಮಿತಿ ಎಲ್ಲಿದೆಯೆಂಬುದನ್ನು ಸರಳರೇಖೆ ತಾನಾಗಿ ಹೇಳುವುದಿಲ್ಲ. ಅದಕ್ಕೆ ಲೋಹದ ಒಳರಚನೆಯನ್ನು ತಿಳಿಯಬೇಕು. ಇಂದು ಈ ರೇಖೆ ಮುಂದೆಯೂ ನೇರವಾಗಿ ಸಾಗೀತೆಂಬ ಭರವಸೆಯಿಂದ ಅಪಾರವಾದ ಹಣವನ್ನೂ ವಿದ್ಯುತ್ತನ್ನೂ ವ್ಯಯಿಸಲಾಗುತ್ತಿದೆ. ಆ ಭರವಸೆಗೆ ಆಧಾರವಿದೆಯೆ ಎಂಬುದನ್ನು ನಿರ್ಧರಿಸಬೇಕಾದದ್ದು ಕಾರಣವನ್ನು ಅರಸುವ ಸಿದ್ಧಾಂತವೇ.