ಮೈಲುತುತ್ತದ ನೀಲಿಯೂ ಏಡಿಯ ಹಿಡಿತವೂ

ಮುಂಗಾರು ಹತ್ತಿರವಾದಂತೆ ಸಂಘದ ಮಳಿಗೆಯಲ್ಲಿ ಮೈಲುತುತ್ತದ ಚೀಲಗಳು ಖಾಲಿಯಾಗತೊಡಗುತ್ತವೆ. ಈಚಿನ ವರ್ಷಗಳಲ್ಲಿ ಅದರ ಪಕ್ಕದಲ್ಲಿಯೇ ‘ಚಿಲೇಟೆಡ್ ಜಿಂಕ್’ ಎಂಬ ಪೊಟ್ಟಣವೂ ಬಂದು ಕುಳಿತಿದೆ. ಸಾಧಾರಣ ಸತುವಿನ ಸಲ್ಫೇಟಿಗಿಂತ ಅದರ ಬೆಲೆ ಬಹಳ ಮೇಲೆ. ಇಷ್ಟು ದುಡ್ಡು ಕೊಡುವಂಥದ್ದು ಅದರೊಳಗೆ ಏನಿದೆ ಎಂದು ಸದಸ್ಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಸರಿಯಾದ ಉತ್ತರ ಬೇಕಾದರೆ ರಸಾಯನಶಾಸ್ತ್ರದ ಒಂದು ಕೋಣೆಯನ್ನು ಸ್ವಲ್ಪ ಹೊಕ್ಕು ನೋಡಬೇಕಾಗುತ್ತದೆ. ಪಂಡಿತರು ಅದನ್ನು ‘ಕೋಆರ್ಡಿನೇಷನ್ ಕಾಂಪ್ಲೆಕ್ಸ್’ಗಳ ಅಧ್ಯಯನ ಎನ್ನುತ್ತಾರೆ. ನಾವು ಲೋಹ ಸಂಕೀರ್ಣಗಳು ಎನ್ನೋಣ.

ಹೆಸರು ಕೇಳಿ ಹೆದರಬೇಕಾದ್ದಿಲ್ಲ. ಹಸಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯ ಅಲಗು ಕಪ್ಪಾಗುವುದನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಅಣುವನ್ನು ಸುತ್ತುವರಿದು ಹಿಡಿಯುತ್ತದೆ. ಆ ಹಿಡಿತದ ಬಣ್ಣ ಕಪ್ಪು. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ವಿದ್ಯೆಯಿಂದ. ಎಲೆಯ ಹಸಿರಿನಲ್ಲಿ ಮೆಗ್ನೀಸಿಯಂ, ರಕ್ತದ ಕೆಂಪಿನಲ್ಲಿ ಕಬ್ಬಿಣ, ಎರಡೂ ಹೀಗೆಯೇ ನಾಲ್ಕು ಸಾರಜನಕಗಳ ನಡುವೆ ಹಿಡಿಸಿಕೊಂಡು ಕುಳಿತಿವೆ. ಲೋಹ ಒಂದೇ ಆದರೂ ಅದನ್ನು ಯಾರು ಹಿಡಿದಿದ್ದಾರೆ, ಎಷ್ಟು ಬಿಗಿಯಾಗಿ ಹಿಡಿದಿದ್ದಾರೆ ಎಂಬುದರ ಮೇಲೆ ಅದರ ಬಣ್ಣ, ಕರಗುವ ಗುಣ, ಕೊಲ್ಲುವ ಇಲ್ಲವೆ ಪೋಷಿಸುವ ಗುಣ ಎಲ್ಲವೂ ನಿಂತಿವೆ.

ಈ ಹಿಡಿತಕ್ಕೆ ಲೆಕ್ಕವೂ ಆಕಾರವೂ ಉಂಟೆಂದು ಮೊದಲು ಹೇಳಿದವನು ಆಲ್ಫ್ರೆಡ್ ವರ್ನರ್. 1893ರಲ್ಲಿ ಈ ಮಾತು ಹೇಳಿದಾಗ ಅವನಿಗೆ ಇಪ್ಪತ್ತಾರು ವರ್ಷ. ಆಗ ವಿದ್ವಾಂಸರನ್ನು ಕಾಡುತ್ತಿದ್ದುದು ಕೋಬಾಲ್ಟ್ ಕ್ಲೋರೈಡ್ ಮತ್ತು ಅಮೋನಿಯಾ ಸೇರಿ ಆಗುವ ಬಣ್ಣಬಣ್ಣದ ಲವಣಗಳು. ಒಂದು ಹಳದಿ, ಒಂದು ನಸುಗೆಂಪು ನೇರಳೆ, ಒಂದು ಹಸಿರು. ಎಲ್ಲದರಲ್ಲಿಯೂ ಕೋಬಾಲ್ಟ್ ಒಂದಕ್ಕೆ ಕ್ಲೋರಿನ್ ಮೂರು. ಆದರೆ ಬೆಳ್ಳಿಯ ನೈಟ್ರೇಟ್ ಹಾಕಿದರೆ ಮೊದಲನೆಯದರಲ್ಲಿ ಮೂರು ಕ್ಲೋರಿನ್ನೂ ಗಷ್ಟಾಗಿ ಕೆಳಗಿಳಿಯುತ್ತವೆ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಒಂದೇ. ಉಳಿದವು ಎಲ್ಲಿ ಅಡಗಿವೆ?

ವರ್ನರ್ ಹೇಳಿದ್ದು ಇಷ್ಟು: ಕೋಬಾಲ್ಟಿನ ಸುತ್ತ ಆರು ಸ್ಥಾನಗಳಿವೆ. ನಾಲ್ಕು ದಿಕ್ಕಿಗೆ ನಾಲ್ಕು, ಮೇಲೊಂದು, ಕೆಳಗೊಂದು. ಆ ಸ್ಥಾನದಲ್ಲಿ ಕುಳಿತದ್ದು ಸುಲಭವಾಗಿ ಏಳುವುದಿಲ್ಲ. ಜಾಗ ಸಿಗದ್ದು ಹೊರಗೆ ಬಿಡಿಯಾಗಿ ತಿರುಗುತ್ತದೆ. ಇಷ್ಟೇ ಆಗಿದ್ದರೆ ಊಹೆ ಎಂದು ತಳ್ಳಿಬಿಡಬಹುದಾಗಿತ್ತು. ಆದರೆ ಈ ಆಕಾರ ನಿಜವಾದರೆ ನಾಲ್ಕು ಅಮೋನಿಯಾ, ಎರಡು ಕ್ಲೋರಿನ್ ಇರುವ ಲವಣಕ್ಕೆ ಎರಡೇ ರೂಪ ಇರಬೇಕು; ಕ್ಲೋರಿನ್‌ಗಳು ಎದುರುಬದುರು ಕುಳಿತದ್ದು ಒಂದು, ಅಕ್ಕಪಕ್ಕ ಕುಳಿತದ್ದು ಇನ್ನೊಂದು. ಹಸಿರು ರೂಪ ಮೊದಲೇ ಗೊತ್ತಿತ್ತು. ಇನ್ನೊಂದನ್ನು ತಯಾರಿಸಲು ವರ್ನರನಿಗೆ 1907ರವರೆಗೆ ಹಿಡಿಯಿತು. ಅದು ನೇರಳೆ ಬಣ್ಣದ್ದು. ಅದುವರೆಗೆ ಅವನನ್ನು ಎದುರಿಸುತ್ತಲೇ ಬಂದಿದ್ದ ಡೆನ್ಮಾರ್ಕಿನ ಯೋರ್ಗೆನ್ಸನ್ ಆ ನೇರಳೆ ಲವಣದ ಮುಂದೆ ವಾದ ಬಿಟ್ಟುಕೊಟ್ಟ. ಹಾಗೆ ಒಪ್ಪಿಕೊಳ್ಳುವ ದೊಡ್ಡತನವೂ ಶಾಸ್ತ್ರದ ಭಾಗವೇ ಎಂದು ನಮ್ಮ ಎಣಿಕೆ. 1913ರಲ್ಲಿ ವರ್ನರನಿಗೆ ನೊಬೆಲ್ ಬಹುಮಾನ ಬಂತು.

ಇನ್ನು ನಮ್ಮ ಮೈಲುತುತ್ತಕ್ಕೆ ಬರೋಣ. 1912ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಲಾವೆ ಎಂಬ ಪಂಡಿತನ ಸಲಹೆಯಂತೆ ಫ್ರೀಡ್ರಿಷ್ ಮತ್ತು ಕ್ನಿಪಿಂಗ್ ಎಂಬಿಬ್ಬರು ಹರಳಿನ ಮೂಲಕ ಎಕ್ಸ್-ಕಿರಣ ಹಾಯಿಸಿ ನೋಡಿದರು. ಹಾಗೆ ನೋಡಿದ ಮೊತ್ತಮೊದಲ ಹರಳು ಯಾವುದೆಂದುಕೊಂಡಿರಿ? ಮೈಲುತುತ್ತದ್ದೇ! ಹರಳಿನೊಳಗಿನ ಅಣುಗಳ ಸಾಲನ್ನು ಲೆಕ್ಕ ಹಾಕುವ ವಿದ್ಯೆ ಅಲ್ಲಿಂದ ಹುಟ್ಟಿತು. ಆದರೆ ಮೈಲುತುತ್ತದ ಪೂರ್ಣ ರಚನೆ ಕೈಗೆ ಸಿಕ್ಕಿದ್ದು 1934ರಲ್ಲಿ, ಬೀವರ್ಸ್ ಮತ್ತು ಲಿಪ್ಸನ್ ಅವರಿಂದ. ತಾಮ್ರದ ನಾಲ್ಕು ದಿಕ್ಕಿಗೆ ನಾಲ್ಕು ನೀರಿನ ಅಣುಗಳು ಹತ್ತಿರದಲ್ಲಿ. ಮೇಲೆ ಕೆಳಗೆ, ಸ್ವಲ್ಪ ದೂರದಲ್ಲಿ, ಸಲ್ಫೇಟಿನ ಆಮ್ಲಜನಕ. ಐದನೆಯ ನೀರು ತಾಮ್ರವನ್ನು ಮುಟ್ಟದೆ ಸಂದಿಯಲ್ಲಿ ನಿಂತಿರುತ್ತದೆ. ಚೆನ್ನಾಗಿ ಕಾಯಿಸಿದರೆ ನೀರೆಲ್ಲ ಹೋಗಿ ಪುಡಿ ಬೆಳ್ಳಗಾಗುತ್ತದೆ, ನಾಲ್ಕು ಹನಿ ನೀರು ಬಿದ್ದರೆ ಮತ್ತೆ ನೀಲಿ. ಒಂದು ಕಿಲೋ ಮೈಲುತುತ್ತದಲ್ಲಿ ತಾಮ್ರ ಸುಮಾರು 250 ಗ್ರಾಂ, ನೀರು ಸುಮಾರು 360 ಗ್ರಾಂ. ನೀರಿಗೂ ನಾವೇ ಬಾಡಿಗೆ ಕೊಟ್ಟು ಹೊತ್ತು ತರುತ್ತೇವೆ ಎನ್ನಿ.

ಬೋರ್ಡೋ ದ್ರಾವಣದ ಕಥೆ ಹಲವರಿಗೆ ಗೊತ್ತಿರುವುದೇ. ಫ್ರಾನ್ಸಿನ ಮೆಡೋಕ್ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ತಾಮ್ರ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳ ಎಲೆ ಮಾತ್ರ ರೋಗಕ್ಕೆ ಉದುರದೆ ನಿಂತದ್ದನ್ನು 1882ರಲ್ಲಿ ಮಿಲಾರ್ಡೆ ಗಮನಿಸಿ, 1885ರಲ್ಲಿ ಮಿಶ್ರಣದ ವಿಧಾನ ಪ್ರಕಟಿಸಿದ. ನಮ್ಮಲ್ಲಿ ಗೊನೆಗೆ ಕೊಟ್ಟೆ ಕಟ್ಟಿ ಕೊಳೆರೋಗದೊಡನೆ ಗುದ್ದಾಡುತ್ತಿದ್ದ ಕಾಲದಲ್ಲಿ, ಮೈಸೂರು ಸರ್ಕಾರದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ರೋಗದ ಮೂಲವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಹೊರತಂದು, ಈ ದ್ರಾವಣವನ್ನು ಅಡಿಕೆ ತೋಟಕ್ಕೆ ತಂದರು.

ಇದು ಕೆಲಸ ಮಾಡುವ ಬಗೆ ಮಾತ್ರ ಸ್ವಾರಸ್ಯವಾದದ್ದು. ಸುಣ್ಣ ಸೇರಿದಾಗ ತಾಮ್ರವು ನೀರಿನ ಹಿಡಿತ ಬಿಟ್ಟು, ಕರಗದ ಮೆತ್ತನೆಯ ನೀಲಿ ಗಷ್ಟಾಗಿ ಗೊನೆಗೆ ಅಂಟುತ್ತದೆ. ಕರಗದ್ದು ರೋಗಾಣುವನ್ನು ಕೊಲ್ಲುವುದು ಹೇಗೆ? ಮೊಳೆಯುವ ಬೀಜಾಣು ತಾನೇ ಕೆಲವು ಆಮ್ಲಗಳನ್ನು ಸ್ರವಿಸುತ್ತದೆ. ಅವು ತಾಮ್ರವನ್ನು ಹಿಡಿದು ಕರಗುವ ಸಂಕೀರ್ಣವಾಗಿಸಿ ಬೀಜಾಣುವಿನ ಒಳಕ್ಕೇ ಒಯ್ಯುತ್ತವೆ. ಅಂದರೆ ಕಳ್ಳನೇ ವಿಷವನ್ನು ಹೊತ್ತು ಮನೆಗೆ ಒಯ್ದಂತೆ. ಸುಣ್ಣ ಕಡಿಮೆಯಾದರೆ ಬಿಡಿ ತಾಮ್ರ ಉಳಿದು ಎಲೆ, ಕಾಯಿ ಸುಡುತ್ತದೆ, ಮಳೆಗೂ ತೊಳೆದುಹೋಗುತ್ತದೆ. ದ್ರಾವಣವನ್ನು ಮರುದಿನಕ್ಕೆ ಇಟ್ಟರೆ ಮೆತ್ತನೆಯ ಗಷ್ಟು ನಿಧಾನವಾಗಿ ಹರಳುಗಟ್ಟಿ ದಪ್ಪವಾಗುತ್ತದೆ. ಅಂಟುವ ಶಕ್ತಿ ಹೋಯಿತು. ಶೇಕಡಾ 1ರ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಒಳ್ಳೆಯ ಸುಣ್ಣ 1 ಕಿಲೋ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಐವತ್ತು ಲೀಟರಿನಲ್ಲಿ ಕರಗಿಸಿ, ತಣ್ಣಗಾದ ಸುಣ್ಣದ ತಿಳಿಗೆ ತಾಮ್ರದ ನೀರನ್ನು ಕಲಕುತ್ತಾ ನಿಧಾನವಾಗಿ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವನ್ನು ಅದ್ದಿ ನೋಡಿ. ಅಲಗಿಗೆ ಕೆಂಪು ಕೂತರೆ ಬಿಡಿ ತಾಮ್ರ ಇದೆ ಎಂದರ್ಥ, ಸುಣ್ಣ ಇನ್ನಷ್ಟು ಬೇಕು. ಆಳು ಸಿಕ್ಕದ ಈ ದಿನಗಳಲ್ಲಿ ಈ ಪರೀಕ್ಷೆಯನ್ನು ಬಿಟ್ಟುಬಿಡುವವರೇ ಹೆಚ್ಚು.

ಈಗ ಪೊಟ್ಟಣದ ವಿಚಾರ. ‘ಚಿಲೇಟ್’ ಎಂಬ ಮಾತು ಗ್ರೀಕ್ ಭಾಷೆಯಲ್ಲಿ ಏಡಿಯ ಕೊಂಡಿ ಎಂಬುದರಿಂದ ಬಂದದ್ದು. 1920ರಲ್ಲಿ ಮಾರ್ಗನ್ ಮತ್ತು ಡ್ರೂ ಇಟ್ಟ ಹೆಸರು. ಒಂದೇ ಅಣು ಎರಡು ಕಡೆಯಿಂದಲೋ ಅದಕ್ಕೂ ಹೆಚ್ಚು ಕಡೆಯಿಂದಲೋ ಲೋಹವನ್ನು ಕಚ್ಚಿ ಹಿಡಿದರೆ ಅದು ಚಿಲೇಟ್. 1935ರಲ್ಲಿ ಜರ್ಮನಿಯ ಫರ್ಡಿನೆಂಡ್ ಮ್ಯೂಂಜ್ ತಯಾರಿಸಿದ ಇ.ಡಿ.ಟಿ.ಎ. ಎಂಬ ವಸ್ತುವಿಗೆ ಆರು ಹಿಡಿಗಳು, ಎರಡು ಸಾರಜನಕದವು, ನಾಲ್ಕು ಆಮ್ಲಜನಕದವು. ವರ್ನರ್ ಹೇಳಿದ ಆರೂ ಸ್ಥಾನಗಳನ್ನು ಅದೊಂದೇ ತುಂಬಬಲ್ಲದು.

ಸಾಧಾರಣ ಸತುವಿನ ಸಲ್ಫೇಟಿನಲ್ಲಿ ಸತು ಶೇಕಡಾ 21, ಇ.ಡಿ.ಟಿ.ಎ. ಸತುವಿನಲ್ಲಿ ಶೇಕಡಾ 12 ಮಾತ್ರ. ದುಬಾರಿ ಮಾಲಿನಲ್ಲಿಯೇ ಸತು ಕಡಿಮೆ! ನಾವು ದುಡ್ಡು ಕೊಡುವುದು ಸತುವಿಗಲ್ಲ, ಏಡಿಗೆ. ಹಾಗಾದರೆ ಏಡಿಯ ಸ್ವಭಾವ ತಿಳಿದಿರಬೇಕು. ಪ್ರಯೋಗಶಾಲೆಯವರು ಅದರ ಹಿಡಿತವನ್ನು ಅಂಕಿಯಲ್ಲಿ ಅಳೆದಿದ್ದಾರೆ: ಸುಣ್ಣದ ಕ್ಯಾಲ್ಸಿಯಂ ಮೇಲೆ 10.7, ಸತುವಿನ ಮೇಲೆ 16.5, ತಾಮ್ರದ ಮೇಲೆ 18.8, ತುಕ್ಕಿನ ರೂಪದ ಕಬ್ಬಿಣದ ಮೇಲೆ 25. ಅಂಕಿ ಒಂದು ಏರಿದರೆ ಹಿಡಿತ ಹತ್ತು ಪಟ್ಟು. ಏಡಿಗೆ ಕಬ್ಬಿಣದ ಮೇಲೇ ಹೆಚ್ಚು ಪ್ರೀತಿ ಎಂಬುದು ಇದರಿಂದ ಸ್ಪಷ್ಟ.

ಮಲೆನಾಡಿನ ನಮ್ಮ ಕೆಂಪು ಮಣ್ಣು ಹುಳಿ ಮಣ್ಣು, ಕಬ್ಬಿಣಕ್ಕೆ ಬರವಿಲ್ಲ. ಮಣ್ಣು ಹುಳಿಯಾದಷ್ಟೂ ಕಬ್ಬಿಣ ಕರಗಿ ಮುಂದೆ ಬರುತ್ತದೆ. ಅಂಥ ಬುಡಕ್ಕೆ ಚಿಲೇಟೆಡ್ ಜಿಂಕ್ ಹಾಕಿದರೆ ಏಡಿ ಸತುವನ್ನು ಕೆಳಗಿಟ್ಟು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ಬುಡಕ್ಕೆ ಸಿಕ್ಕುವುದು ಬರಿಯ ಸತು, ಅದೂ ಶೇಕಡಾ 12ರ ಲೆಕ್ಕದಲ್ಲಿ. ಆದ್ದರಿಂದ ರಸಸಾರ 6ಕ್ಕಿಂತ ಕೆಳಗಿರುವ ತೋಟಗಳಲ್ಲಿ ಬುಡಕ್ಕೆ ಹಾಕಲು ಇದನ್ನು ಕೊಳ್ಳಬೇಡಿರೆಂದೇ ನಮ್ಮ ಸಲಹೆ. ಸತುವಿನ ಸಲ್ಫೇಟ್ ಸಾಕು. ಎಲೆಗೆ ಸಿಂಪಡಿಸಲು ಬಳಸುವುದಾದರೆ ಆ ಮಾತು ಬೇರೆ, ಅಲ್ಲಿ ಮಣ್ಣಿನ ಕಬ್ಬಿಣದ ಕಾಟವಿಲ್ಲ. ಬಯಲುಸೀಮೆಯ ಸುಣ್ಣದ ಅಂಶವಿರುವ ಅಡಿಕೆ ತೋಟಗಳಲ್ಲಿ ಸಲ್ಫೇಟಿನ ಸತು ಬೇಗ ಮಣ್ಣಿಗೆ ಕಚ್ಚಿಕೊಂಡುಬಿಡುವುದರಿಂದ, ಏಡಿಗೆ ಕೊಟ್ಟ ಹಣಕ್ಕೆ ಅಲ್ಲಿ ಅರ್ಥವಿದೆ.

ಒಂದೇ ಆಳಿನಲ್ಲಿ ಎರಡು ಕೆಲಸವಾಗಲೆಂದು ಬೋರ್ಡೋ ಡ್ರಮ್ಮಿಗೇ ಚಿಲೇಟೆಡ್ ಜಿಂಕ್ ಸುರಿಯುವ ಯೋಚನೆಯೂ ಕೆಲವರಿಗೆ ಬರುತ್ತದೆ. ಮೇಲಿನ ಅಂಕಿಗಳನ್ನು ಮತ್ತೊಮ್ಮೆ ನೋಡಿ. ಏಡಿ ಸತುವನ್ನು ಬಿಟ್ಟು ತಾಮ್ರವನ್ನು ಹಿಡಿದು ಕರಗಿಸಬಹುದು. ಕರಗಬಾರದೆಂದೇ ನಾವು ಸುಣ್ಣ ಹಾಕಿದ್ದಲ್ಲವೆ? ಎರಡನ್ನೂ ಬೇರೆ ಬೇರೆ ದಿನ ಹೊಡೆಯಿರಿ.

ಗೊನೆಯಿಂದ ತೊಳೆದ ತಾಮ್ರ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಬೇಕು. ಬಹುಪಾಲು ದೂರ ಹೋಗುವುದಿಲ್ಲ. ಕೊಳೆತ ತರಗಿನ ಹ್ಯೂಮಸ್ ಕೂಡ ಏಡಿಯಂಥದ್ದೇ. ತಾಮ್ರವನ್ನು ಮೇಲ್ಮಣ್ಣಿನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತದೆ. ಹೆಕ್ಟೇರಿಗೆ ಸಾವಿರ ಲೀಟರಿನಂತೆ ಶೇಕಡಾ 1ರ ದ್ರಾವಣ ಎರಡು ಸಲ ಹೊಡೆದರೆ ವರ್ಷಕ್ಕೆ ಸುಮಾರು 5 ಕಿಲೋ ತಾಮ್ರ ತೋಟಕ್ಕೆ ಸೇರಿತು. ಯೂರೋಪಿನ ಒಕ್ಕೂಟ 2019ರಿಂದ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಎಂಬ ಮಿತಿ ಹಾಕಿದೆ, ಅಂದರೆ ವರ್ಷಕ್ಕೆ ಸರಾಸರಿ 4. ಅಲ್ಲಿನ ಹಳೆಯ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ತಾಮ್ರ ತುಂಬಿ ಎರೆಹುಳುವಿಗೂ ಬೇರಿಗೂ ತೊಂದರೆಯಾದ ಮೇಲೆ ಬಂದ ಎಚ್ಚರ ಇದು. ನಮ್ಮಲ್ಲಿ ಕೊಳೆರೋಗಕ್ಕೆ ಹೆದರಿ ಮೂರನೆಯ, ನಾಲ್ಕನೆಯ ಸಲ ಹೊಡೆಯುವವರೂ ಇದ್ದಾರೆ. ಕೊಳೆ ಹತ್ತಿದ ವರ್ಷ ಅದನ್ನು ಬೇಡವೆನ್ನುವ ಧೈರ್ಯ ನಮಗಿಲ್ಲ. ಆದರೆ ಮಣ್ಣು ಹುಳಿಯಾದಂತೆ ಹ್ಯೂಮಸಿನ ಹಿಡಿತ ಸಡಿಲವಾಗಿ ತಾಮ್ರ ಬಿಡಿಯಾಗುತ್ತದೆ. ಸುಣ್ಣ ಹಾಕುವುದನ್ನೂ ಸೊಪ್ಪು ಗೊಬ್ಬರವನ್ನೂ ನಿಲ್ಲಿಸಿದ ತೋಟಗಳಿಗೆ ಈ ಅಪಾಯ ಹೆಚ್ಚು. ಈ ಸಲ ಮಣ್ಣು ಪರೀಕ್ಷೆಗೆ ಕೊಡುವಾಗ ರಸಸಾರ, ಸತುವಿನ ಜೊತೆಗೆ ತಾಮ್ರವನ್ನೂ ನೋಡಿಕೊಡಿರೆಂದು ಚೀಟಿಯಲ್ಲಿ ಬರೆದುಕೊಡಿ. ವರದಿ ಓದಿಕೊಳ್ಳಲು ಕಷ್ಟವಾದರೆ ಕಚೇರಿಗೆ ತನ್ನಿ, ಕೂತು ನೋಡೋಣ.