ಹಂಪಿಯ ನದಿತೀರದ ಕಾಲುದಾರಿ

ಹಂಪಿಯ ನದಿತೀರದ ಕಾಲುದಾರಿಯು ವಿಜಯನಗರ ಜಿಲ್ಲೆಯ ಹಂಪಿಯಲ್ಲಿ ತುಂಗಭದ್ರಾ ನದಿಯ ದಕ್ಷಿಣ ದಡದ ಉದ್ದಕ್ಕೂ ಸಾಗುವ ನಡಿಗೆಯ ಮಾರ್ಗವಾಗಿದೆ. ವಿರೂಪಾಕ್ಷ ದೇವಾಲಯದ ರಥಬೀದಿಯ ಪೂರ್ವ ತುದಿಯಿಂದ ವಿಜಯವಿಠ್ಠಲ ದೇವಾಲಯದವರೆಗೆ ಇದರ ಉದ್ದ ಸುಮಾರು 2 ಕಿ.ಮೀ. ಹಂಪಿಯ ಸ್ಮಾರಕ ಸಮೂಹವನ್ನು ಯುನೆಸ್ಕೊ 1986ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಮಾರ್ಗ

ರಥಬೀದಿಯ ಕೊನೆಯಲ್ಲಿರುವ ಏಕಶಿಲಾ ನಂದಿಯ ಸಮೀಪದಿಂದ ದಾರಿಯು ಹೆಬ್ಬಂಡೆಗಳ ನಡುವೆ ಸಾಗಿ, ಚಕ್ರತೀರ್ಥದ ದಡದಲ್ಲಿರುವ ಕೋದಂಡರಾಮ ದೇವಾಲಯವನ್ನು ತಲುಪುತ್ತದೆ. ಮುಂದೆ ಬಲಭಾಗದಲ್ಲಿ ಅಚ್ಯುತರಾಯ ದೇವಾಲಯದ ಬೀದಿ ಸಿಗುತ್ತದೆ. ವಿಠ್ಠಲ ದೇವಾಲಯದ ಸಮೀಪ ಕಲ್ಲಿನ ತುಲಾಭಾರ ಕಂಬಗಳಿವೆ. ಕೆಳಗೆ ನದಿಯಂಚಿನಲ್ಲಿ ಪುರಂದರದಾಸರ ಮಂಟಪವೂ, ನದಿಯೊಳಗೆ ವಿಜಯನಗರ ಕಾಲದ ಸೇತುವೆಯ ಕಲ್ಲುಕಂಬಗಳೂ ಕಾಣುತ್ತವೆ.

ಜೀವಸಂಕುಲ

ಈ ಭಾಗದ ನದಿಯು ನೀರುನಾಯಿಗಳ ನೆಲೆಯಾಗಿದೆ. ಜಲಾಶಯದ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ನದಿಪಾತ್ರವನ್ನು ಕರ್ನಾಟಕ ಸರ್ಕಾರವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಬಂಡೆಗಳ ಸಂದುಗಳು ಇವುಗಳಿಗೆ ಆಶ್ರಯ; ಮೀನು ಮುಖ್ಯ ಆಹಾರ.

ಪ್ರವಾಹ

ಇಲ್ಲಿನ ನೀರಿನ ಮಟ್ಟವನ್ನು ಸ್ಥಳೀಯ ಮಳೆಗಿಂತ ಹೆಚ್ಚಾಗಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟು ನಿರ್ಧರಿಸುತ್ತದೆ. ಮಲೆನಾಡಿನ ಮಳೆಯಿಂದ ಜಲಾಶಯ ತುಂಬಿ ಗೇಟುಗಳನ್ನು ತೆರೆದಾಗ, ಹಂಪಿಯಲ್ಲಿ ಬಿಸಿಲಿದ್ದರೂ ನದಿ ಉಕ್ಕುತ್ತದೆ. ಆಗ ಪುರಂದರ ಮಂಟಪ ಮುಳುಗುತ್ತದೆ. ದಾರಿಯ ತಗ್ಗಿನ ಭಾಗಗಳೂ ಜಲಾವೃತವಾಗುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಇಲ್ಲಿ ನಡೆಯುವವರು ಆಕಾಶವನ್ನಷ್ಟೇ ನೋಡದೆ, ಜಲಾಶಯದಿಂದ ನೀರು ಬಿಡುವ ಸೂಚನೆಯನ್ನೂ ತಿಳಿದುಕೊಳ್ಳುವುದು ಅಗತ್ಯ.

ಸಂಪರ್ಕ

ಹುಬ್ಬಳ್ಳಿಯಿಂದ ಗದಗ, ಕೊಪ್ಪಳ ಮಾರ್ಗವಾಗಿ ಹೊಸಪೇಟೆಗೆ ರೈಲು ಸೌಲಭ್ಯವಿದೆ. ಹೊಸಪೇಟೆಯಿಂದ ಹಂಪಿ ಸುಮಾರು 13 ಕಿ.ಮೀ. ದೂರದಲ್ಲಿದೆ.