ಕಟ್ಟಡದ ಕಸಬುಗಳೂ ಕಲಿಕೆಯ ಪೂರ್ವಸಿದ್ಧತೆಯೂ

ಬೇಲೂರಿನ ಚೆನ್ನಕೇಶವ ದೇವಾಲಯವು ೧೧೧೭ರಲ್ಲಿ ಪ್ರತಿಷ್ಠಿತವಾದುದು. ಅಲ್ಲಿಯ ವಿಗ್ರಹಗಳ ಪೀಠಗಳಲ್ಲಿ ಕಂಡುಬರುವ ರೂವಾರಿಗಳ ಹೆಸರುಗಳಲ್ಲಿ ಬಳ್ಳಿಗಾವೆಯ ದಾಸೋಜನದೂ ಅವನ ಮಗನಾದ ಚಾವಣನದೂ ಇವೆ. ತಂದೆಮಕ್ಕಳು ಒಂದೇ ಗುಡಿಯಲ್ಲಿ ಉಳಿ ಹಿಡಿದುದಕ್ಕೆ ಬೇರೆ ಸಾಕ್ಷ್ಯ ಬೇಕಾಗಿಲ್ಲ. ಚಾವಣನು ಎಂದು, ಹೇಗೆ ಕಲಿತನೆಂಬುದನ್ನು ಶಾಸನವು ಹೇಳುವುದಿಲ್ಲ. ಹೇಳುವ ಅಗತ್ಯವು ಆ ಕಾಲದವರಿಗೆ ತೋರಿರಲಾರದು. ಕಸಬುದಾರರ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ನೇರ, ಮಟ್ಟ, ಮೂಲೆ, ಅಳತೆ ಎಂಬ ಮಾತುಗಳು ತಾಯ್ನುಡಿಯೊಡನೆಯೇ ಬರುತ್ತಿದ್ದುವು. ಕೆಲಸದ ಕಲಿಕೆಗೆ ಮೊದಲಿನ ಕಲಿಕೆಯು ಹೀಗೆ ಯಾರ ಕಣ್ಣಿಗೂ ಬೀಳದೆ ಮನೆಯೊಳಗೇ ನಡೆದುಹೋಗುತ್ತಿತ್ತು.

ಇಂದು ಕಟ್ಟಡದ ಕೆಲಸಕ್ಕೆ ಬರುವ ತರುಣರಲ್ಲಿ ಹಲವರು ಬೇಸಾಯಗಾರರ ಮಕ್ಕಳು. ಅವರಿಗೆ ಮೈಕಸುವು ಉಂಟು, ಕೆಲಸದ ಅಭಿಮಾನವೂ ಉಂಟು. ಆದರೆ ಮನೆಯಿಂದ ಬರತಕ್ಕ ಆ ಮೊದಲಿನ ತಿಳಿವಳಿಕೆಯು ಇರುವುದಿಲ್ಲ. ಅದನ್ನು ಶಾಲೆಯೇ ಬುದ್ಧಿಪೂರ್ವಕವಾಗಿ ಕೊಡಬೇಕಾಗಿದೆ. ಕಸಬಿನ ಶಾಲೆಗಳು ಈ ನಾಡಿಗೆ ಹೊಸವಲ್ಲ. ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯು ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ೧೯೪೩ರಲ್ಲಿ ಸ್ಥಾಪಿತವಾಯಿತು. ೧೯೫೦ರಲ್ಲಿ ಭಾರತ ಸರ್ಕಾರವು ಕುಶಲಕರ್ಮಿಗಳ ತರಬೇತಿಯ ಯೋಜನೆಯನ್ನು ಆರಂಭಿಸಿತು, ಐ.ಟಿ.ಐ.ಗಳು ಅದರಿಂದ ಬೆಳೆದವು. ೧೯೬೧ರ ಅಪ್ರೆಂಟಿಸ್ ಕಾಯಿದೆಯು ಮಾಲಿಕನಿಗೂ ಕಲಿಯುವವನಿಗೂ ನಡುವೆ ಲಿಖಿತ ಕರಾರನ್ನು ವಿಧಿಸಿ, ಅಪ್ರೆಂಟಿಸನು ಕಲಿಯುವವನೇ ಹೊರತು ಕೂಲಿಗಾರನಲ್ಲವೆಂದು ಸ್ಪಷ್ಟಪಡಿಸಿತು.

ಆದರೆ ಕಾರ್ಖಾನೆಗೆ ಒಪ್ಪುವ ಏರ್ಪಾಡು ಕಟ್ಟಡಕ್ಕೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಕಾರ್ಖಾನೆಯು ಇದ್ದಲ್ಲಿಯೇ ಇರುತ್ತದೆ. ಕಟ್ಟಡದ ಕೆಲಸವು ಮುಗಿದೊಡನೆ ಅಲ್ಲಿಯ ಜನ ಚದರುತ್ತಾರೆ. ದೊಡ್ಡ ಗುತ್ತಿಗೆದಾರನ ಕೆಳಗೆ ಚಿಕ್ಕ ಗುತ್ತಿಗೆದಾರ, ಅವನ ಕೆಳಗೆ ಮೇಸ್ತ್ರಿ. ಹುಡುಗನಿಗೆ ಕಲಿಸುವ ಹೊಣೆಯು ಯಾರದೆಂಬುದೇ ಅಸ್ಪಷ್ಟ. ೨೦೧೪ರ ತಿದ್ದುಪಡಿಯು ಗುತ್ತಿಗೆಯ ಆಳುಗಳನ್ನೂ ಲೆಕ್ಕಕ್ಕೆ ತಂದುದು ಸರಿಯಾದ ಹೆಜ್ಜೆಯೇ. ಆದರೂ ಒಂದೇ ಕಲಿಕೆಯ ಅವಧಿಯಲ್ಲಿ ಮೇಸ್ತ್ರಿಯು ಮೂರು ಬಾರಿ ಬದಲಾದರೆ ಕಾಯಿದೆಯು ಏನು ಮಾಡೀತು? ಇಂತಹ ಸ್ಥಳದಲ್ಲಿ ಏನೂ ಅರಿಯದೆ ಬಂದ ಹುಡುಗನ ಕೈಗೆ ಮೊದಲು ಬರುವುದು ಬಾಂಡ್ಲಿ. ಆಮೇಲೆಯೂ ಬಾಂಡ್ಲಿಯೇ. ಹೆಂಗಸರ ಪಾಲಿಗಂತೂ ಇದು ಬಹುಮಟ್ಟಿಗೆ ಜೀವಮಾನದ ಕೆಲಸವಾಗಿಬಿಟ್ಟಿದೆ. ವರ್ಷಗಟ್ಟಲೆ ಗಾರೆ ಹೊತ್ತವಳ ಕೈಗೆ ಕರಣೆ ಬರುವುದು ಅಪೂರ್ವ. ಪೂರ್ವಸಿದ್ಧತೆಯ ಪ್ರಯೋಜನವೆಲ್ಲ ಇಲ್ಲಿಯೇ ಇದೆ: ಮೊದಲ ವಾರದಲ್ಲಿಯೇ ದಾರ ಹಿಡಿಯಬಲ್ಲವನನ್ನು ಮೇಸ್ತ್ರಿಯು ಬಾಂಡ್ಲಿಗೆ ಅಟ್ಟುವುದಿಲ್ಲ.

ಹಾಗಾದರೆ ಶಾಲೆಯು ಏನನ್ನು ಕಲಿಸಬೇಕು? ಎಲ್ಲಕ್ಕಿಂತ ಮೊದಲು ಅಳತೆ. ಬುನಾದಿಗೆ ಗುರುತು ಹಾಕುವಾಗ ಮೂಲೆಯು ಲಂಬವಾಗಿದೆಯೆಂಬುದನ್ನು ತಿಳಿಯಲು ಒಂದು ಬದಿಯಲ್ಲಿ ೩ ಮೀಟರು, ಇನ್ನೊಂದರಲ್ಲಿ ೪ ಮೀಟರು ಅಳೆದು, ಓರೆಯ ಅಳತೆ ೫ ಮೀಟರು ಬರುವುದೇ ಎಂದು ನೋಡುತ್ತಾರೆ. ಬೌಧಾಯನನ ಶುಲ್ಬಸೂತ್ರದಲ್ಲಿ ಯಜ್ಞವೇದಿಗೆ ಹೇಳಿದ ಲೆಕ್ಕವೇ ಇದು. ಶಾಲೆಯಲ್ಲಿ ಈ ಪ್ರಮೇಯವನ್ನು ಬಾಯಿಪಾಠ ಮಾಡಿದ ಹುಡುಗನು ಹಗ್ಗವನ್ನು ಕೈಗೆ ಕೊಟ್ಟಾಗ ಕಂಗಾಲಾಗುವುದುಂಟು. ತಪ್ಪು ಹುಡುಗನದಲ್ಲ, ಪ್ರಮೇಯವು ಹಲಗೆಯಿಂದ ಅಂಗಳಕ್ಕೆ ಇಳಿದಿರಲಿಲ್ಲ.

ಇಟ್ಟಿಗೆಯ ಲೆಕ್ಕವೂ ಹೀಗೆಯೇ. ಭಾರತೀಯ ಮಾನಕದ ಇಟ್ಟಿಗೆಯು ೧೯೦, ೯೦, ೯೦ ಮಿಲಿಮೀಟರಿನ ಅಳತೆಯದು. ೧೦ ಮಿಲಿಮೀಟರು ಗಾರೆಯ ಸಂದು ಸೇರಿದರೆ ೨೦೦, ೧೦೦, ೧೦೦ ಆಗುತ್ತದೆ. ಆದ್ದರಿಂದ ಒಂದು ಘನಮೀಟರು ಗೋಡೆಗೆ ೫೦೦ ಇಟ್ಟಿಗೆ. ೫ ಮೀಟರು ಉದ್ದ, ೩ ಮೀಟರು ಎತ್ತರ, ೨೦೦ ಮಿಲಿಮೀಟರು ದಪ್ಪದ ಗೋಡೆಯು ೩ ಘನಮೀಟರು, ಎಂದರೆ ೧೫೦೦ ಇಟ್ಟಿಗೆ. ಅದರಲ್ಲಿ ೧ ಮೀಟರು ಅಗಲ, ೨.೧ ಮೀಟರು ಎತ್ತರದ ಬಾಗಿಲಿದ್ದರೆ ೨೧೦ ಕಳೆದು ೧೨೯೦. ಒಡೆದುಹೋಗುವುದಕ್ಕೆಂದು ಕೆಲವನ್ನು ಸೇರಿಸಿಕೊಳ್ಳಬೇಕು. ಎಂಟನೆಯ ತರಗತಿಯ ಗಣಿತವು ಇದಕ್ಕೆ ಧಾರಾಳವಾಗಿ ಸಾಕು, ಐ.ಟಿ.ಐ.ಯಲ್ಲಿ ಗಾರೆಕೆಲಸದ ಒಂದು ವರ್ಷದ ಪಾಠಕ್ಕೆ ಸೇರಲು ಕೇಳುವುದೂ ಅಷ್ಟನ್ನೇ. ನಕ್ಷೆಯನ್ನು ಓದುವುದನ್ನೂ ಈ ಲೆಕ್ಕದೊಡನೆಯೇ ಕಲಿಸಬೇಕು. ನೂರಕ್ಕೊಂದರ ಪ್ರಮಾಣದ ನಕ್ಷೆಯಲ್ಲಿ ಒಂದು ಸೆಂಟಿಮೀಟರೆಂದರೆ ನೆಲದ ಮೇಲೆ ಒಂದು ಮೀಟರೆಂಬುದು, ತನ್ನ ತರಗತಿಯ ಕೋಣೆಯನ್ನೇ ಅಳೆದು ಬರೆದ ಹುಡುಗನಿಗೆ ಮರೆತುಹೋಗದು.

ಎರಡನೆಯದು, ಪದಾರ್ಥಗಳ ಗುಣ. ಕಾಂಕ್ರೀಟಿನ ಬಲವು ಸಿಮೆಂಟಿಗೂ ನೀರಿಗೂ ಇರುವ ಪ್ರಮಾಣವನ್ನು ಅವಲಂಬಿಸಿದೆಯೆಂಬುದನ್ನು ಡಫ್ ಏಬ್ರಮ್ಸ್ ಎಂಬ ಅಮೆರಿಕದ ವಿದ್ವಾಂಸನು ೧೯೧೮ರಲ್ಲಿ ಪ್ರಕಟಿಸಿದನು. ೫೦ ಕಿಲೋಗ್ರಾಮಿನ ಒಂದು ಚೀಲಕ್ಕೆ ೨೫ ಲೀಟರು ನೀರೆಂದು ಗೊತ್ತುಮಾಡಿರುವಲ್ಲಿ, ಕಲಸುವುದು ಸುಲಭವಾಗಲೆಂದು ೧೦ ಲೀಟರಿನ ಒಂದು ಬಕೀಟನ್ನು ಹೆಚ್ಚಾಗಿ ಸುರಿದರೆ ಪ್ರಮಾಣವು ೦.೫ ಇದ್ದದ್ದು ೦.೭ ಆಗಿ, ಬಲದಲ್ಲಿ ಸುಮಾರು ಮೂರರಲ್ಲೊಂದು ಪಾಲು ನಷ್ಟವಾಗಬಹುದು. ನೀರು ಹಾಕುವ ಕೆಲಸವನ್ನು ಎಲ್ಲರಿಗಿಂತ ಕಿರಿಯನಿಗೆ ಒಪ್ಪಿಸುವುದು ವಾಡಿಕೆ. ಕಂಬದ ಬಲವು ಹೀಗೆ ಏನೂ ತಿಳಿಯದವನ ಕೈಯಲ್ಲಿ ನಿಲ್ಲುತ್ತದೆ. ಅದೇ ನೀರನ್ನು ಕಾಂಕ್ರೀಟು ಗಟ್ಟಿಯಾದ ಮೇಲೆ ಏಳು ದಿನಗಳಾದರೂ ಬಿಡದೆ ಉಣಿಸಬೇಕು. ಮೊದಲು ಹೆಚ್ಚು, ಆಮೇಲೆ ಕಡಿಮೆ ಎಂಬ ತಲೆಕೆಳಗಾದ ಪದ್ಧತಿಯು ಎಷ್ಟೋ ಕಡೆ ಕಾಣುತ್ತದೆ.

ಮೂರನೆಯದು ಪ್ರಾಣರಕ್ಷಣೆ. ಒಂದು ಘನಮೀಟರು ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಚರಂಡಿ ಕೊಳವೆಗೆಂದು ಆಳವಾಗಿ ತೋಡಿದ ಕಾಲುವೆಯ ಬದಿ ಕುಸಿದರೆ, ಎದೆಯವರೆಗೆ ಮಾತ್ರ ಹೂತವನೂ ಉಸಿರಾಡಲಾರದೆ ಸಾಯಬಹುದು. ಒಂದೂವರೆ ಮೀಟರಿಗಿಂತ ಆಳದ ಕಾಲುವೆಗೆ ಹಲಗೆಯ ಆಧಾರವನ್ನು ಕೊಡಬೇಕು, ಇಲ್ಲವೆ ಬದಿಗಳನ್ನು ಇಳಿಜಾರಾಗಿ ಕಡಿಯಬೇಕು. ಅಗೆದ ಮಣ್ಣನ್ನು ಅಂಚಿನಲ್ಲಿ ರಾಶಿಹಾಕಬಾರದು. ಇದನ್ನು ತಿಳಿದ ಮಾತ್ರಕ್ಕೆ ಸಾಲದು. ಆಧಾರವಿಲ್ಲದ ಕಾಲುವೆಗೆ ಇಳಿಯೆಂದು ಹಿರಿಯನು ಹೇಳಿದಾಗ, "ಹಲಗೆ ಕೊಟ್ಟ ಮೇಲೆ ಇಳಿಯುತ್ತೇನೆ, ಅಣ್ಣಾ" ಎನ್ನುವ ಧೈರ್ಯವೂ ಬೇಕು. ಈ ಮಾತನ್ನು ಶಾಲೆಯಲ್ಲಿ ಬಾಯಿಬಿಟ್ಟು ಆಡಿಸಿ ಅಭ್ಯಾಸ ಮಾಡಿಸುವುದು ನಗೆಪಾಟಲೆಂದು ತೋರಬಹುದು. ಆದರೆ ಒಮ್ಮೆಯೂ ಆಡದ ಮಾತು ಕಾಲುವೆಯ ಅಂಚಿನಲ್ಲಿ ನಿಂತಾಗ ಬಾಯಿಗೆ ಬರಲಾರದು.

ಇವೆಲ್ಲಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಅಂಗಳದ ಒಂದು ಮೂಲೆ, ಕೆಲವು ನೂರು ಇಟ್ಟಿಗೆ, ದಾರ, ತೂಗುಗುಂಡು, ಮೂಲೆಮಟ್ಟ, ರಸಮಟ್ಟ, ಕರಣೆ ಇಷ್ಟಿದ್ದರೆ ಆರಂಭಿಸಬಹುದು. ಸಿಮೆಂಟಿಗೆ ಬದಲಾಗಿ ಕೆಸರುಮಣ್ಣಿನ ಗಾರೆಯಲ್ಲಿ ಕಟ್ಟಿಸಿದರೆ ಗೋಡೆಯನ್ನು ಬಿಚ್ಚಿ, ಇಟ್ಟಿಗೆಗಳನ್ನು ತೊಳೆದು, ಮತ್ತೊಬ್ಬನು ಮರುದಿನ ಕಟ್ಟಬಹುದು. ಹುಡುಗರೂ ಹುಡುಗಿಯರೂ ಸರದಿಯಂತೆ ಕರಣೆ ಹಿಡಿಯತಕ್ಕದ್ದು, ಸರದಿಯಂತೆಯೇ ಬಾಂಡ್ಲಿ ಹೊರತಕ್ಕದ್ದು. ತಾನು ಕಟ್ಟಿದ ಗೋಡೆಗೆ ತಾನೇ ತೂಗುಗುಂಡನ್ನು ಇಳಿಬಿಟ್ಟು, ಎಷ್ಟು ವಾಲಿದೆಯೆಂದು ಅಳೆದು ಪುಸ್ತಕದಲ್ಲಿ ಬರೆದ ಮೇಲೆಯೇ ಅದನ್ನು ಬಿಚ್ಚಲು ಅಪ್ಪಣೆ ಕೊಡುವುದು ಒಳ್ಳೆಯದು.